ಗಾಜಿನಾಚೆಯ ಮೀನು ಕೃಷ್ಣೆಗೆ ಬಂದದ್ದು

ಆ ಮೀನಿನ ಫೋಟೋ ತೆಗೆದವನು ನಾನೇ. ಮುಂಬಯಿಯ ಅಕ್ವೇರಿಯಂನಲ್ಲಿ, ಗಾಜಿನ ಈಚೆ ನಿಂತು, ನನ್ನ ಕೈಯಾರೆ ತೆಗೆದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇದೊಂದು ಮಾತನ್ನು ನಂಬಿಸುವುದಕ್ಕೆ ನಮ್ಮ ರಾಯಬಾಗದಲ್ಲಿ ನಾನು ಗಂಟಲು ಹರಿದುಕೊಂಡಿದ್ದೇನೆ.

ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ. ಮದುವೆ, ಬಸುರಿಯರ ಕುಬಸ, ಪಾಸ್‌ಪೋರ್ಟ್ ಸೈಜು, ಇಷ್ಟೇ ನನ್ನ ಕೆಲಸ. ಒಂದು ಬೇಸಿಗೆಯಲ್ಲಿ ಹೆಂಡತಿಯ ಅಣ್ಣನ ಮನೆಗೆಂದು ಮುಂಬಯಿಗೆ ಹೋದಾಗ ಆತ ನಮ್ಮಿಬ್ಬರನ್ನೂ ಅಕ್ವೇರಿಯಂಗೆ ಕರೆದುಕೊಂಡು ಹೋದ. ಕ್ಯಾಮೆರಾ ಹೆಗಲಿಗಿತ್ತು. ಒಳಗೆ ಕಾಲಿಟ್ಟದ್ದೇ ನನಗೆ ಸಿಟ್ಟು ಬಂತು. ಗಾಜಿನ ತುಂಬ ಬೆರಳಿನ ಗುರುತು, ಮಕ್ಕಳ ಹಣೆ ತಾಗಿದ ಎಣ್ಣೆ. ಅದರ ಮೇಲೆ ಜನ ಫಟ್ ಫಟ್ ಎಂದು ಫ್ಲ್ಯಾಶ್ ಹೊಡೆಯುತ್ತಿದ್ದರು. ಗಾಜಿಗೆ ಫ್ಲ್ಯಾಶ್ ಹೊಡೆದರೆ ಫೋಟೋದಲ್ಲಿ ಬಿಳಿ ಕಲೆ ಬಿಟ್ಟು ಇನ್ನೇನು ಬರುತ್ತದೆ, ಮಣ್ಣು? ಒಬ್ಬ ಮಹಾಶಯನಂತೂ ಉಂಗುರದ ಬೆರಳಿನಿಂದ ಟಕಟಕ ಕುಟ್ಟಿ ಆಮೆಯೊಂದನ್ನು ಎಬ್ಬಿಸುತ್ತಿದ್ದ. "ಅಹೋ, ತ್ಯಾಲಾ ಪಣ್ ಡೋಳೆ ಆಹೇತ್!" ಎಂದು ಮರಾಠಿಯಲ್ಲೇ ಗದರಿಸಿದೆ, ಅದಕ್ಕೂ ಕಣ್ಣಿವೆಯಪ್ಪಾ ಎಂದು. ಹೆಂಡತಿ ಅಂಗಿ ಹಿಡಿದು ಜಗ್ಗಿದಳು. "ಸಾಕ್ ಬಿಡ್ರಿ, ಇಲ್ಲೂ ಜಗಳ ತಗೀಬ್ಯಾಡ್ರಿ."

ಕೊನೆಯ ತೊಟ್ಟಿಯಲ್ಲಿ ಅದಿತ್ತು. ತೋಳಿನಷ್ಟು ದಪ್ಪ, ಮೈತುಂಬ ಚುಕ್ಕೆ, ಹಾವಿನಂಥ ಸಮುದ್ರದ ಮೀನು. ಕಲ್ಲಿನ ಪೊಟರೆಯಿಂದ ತಲೆ ಹೊರಹಾಕಿ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಕಚ್ಚಲು ಬರುತ್ತದೆ ಎಂದು ಜನ ಹಿಂದೆ ಸರಿಯುತ್ತಿದ್ದರು. ತೊಟ್ಟಿ ತೊಳೆಯುವ ಮುದುಕ ನಕ್ಕು, ಅದು ಉಸಿರಾಡುತ್ತಿದೆ ಅಷ್ಟೇ, ಅದರ ಉಸಿರಾಟವೇ ಹಾಗೆ ಎಂದ. ಪಾಪ, ಉಸಿರಾಡಿದ್ದಕ್ಕೂ ಹೆಸರು ಕೆಡಿಸಿಕೊಂಡ ಪ್ರಾಣಿ! ನನಗೆ ಅದರ ಮೇಲೆ ಅಕ್ಕರೆ ಬಂತು. ಕರವಸ್ತ್ರದಿಂದ ಗಾಜು ಒರೆಸಿದೆ. ಹಿಂದಿನ ಬೆಳಕಿಗೆ ಅಡ್ಡವಾಗಿ ಹೆಂಡತಿಯನ್ನು ನಿಲ್ಲಿಸಿದೆ, ಲೆನ್ಸನ್ನು ಗಾಜಿಗೆ ಹತ್ತಿರ ತಂದು ಉಸಿರು ಬಿಗಿಹಿಡಿದು ತೆಗೆದೆ. ಹತ್ತಾರರಲ್ಲಿ ಒಂದು ಚೆನ್ನಾಗಿ ಬಂತು, ಬಾಯಿ ಪೂರ್ತಿ ತೆರೆದು ಹಲ್ಲು ಕಾಣುವಂಥದ್ದು. ಮೂಲೆಯಲ್ಲಿ ಮಾತ್ರ ಹೆಂಡತಿಯ ಹಳದಿ ಸೀರೆಯ ನೆರಳು ಗಾಜಿನ ಮೇಲೆ ಬಿದ್ದಿತ್ತು. ಊರಿಗೆ ಬಂದು ದೊಡ್ಡದು ಮಾಡಿಸಿ, ಕೆಳಗೆ "ಮುಂಬಯಿ ಅಕ್ವೇರಿಯಂ" ಎಂದು ಬರೆಸಿ, ಸ್ಟುಡಿಯೋದ ಶೋಕೇಸಿನಲ್ಲಿ ಹಾಕಿದೆ.

ಎದುರಿಗೆ ಬೇವಿನ ಗಿಡದ ಬುಡದಲ್ಲಿ ಮೀನು ಮಾರುವ ಹೆಂಗಸು ಕೂಡುತ್ತಿದ್ದಳು. ಕುಡಚಿ ಕಡೆಯ ಕೃಷ್ಣಾ ಹೊಳೆ ದಂಡೆಯವಳು. ಗಂಡ ಬಲೆ ಬೀಸುತ್ತಿದ್ದ, ಈಕೆ ಬೆಳಗಿನ ಬಸ್ಸಿಗೆ ಬುಟ್ಟಿ ತರುತ್ತಿದ್ದಳು. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಅವಳಿಗೆ ಕೆಲಸವಿಲ್ಲ. ಮಹಾರಾಷ್ಟ್ರದವರು ಕೊಯ್ನಾ ಆಣೆಕಟ್ಟಿನ ನೀರು ಬಿಟ್ಟಾರು ಎಂದು ನಾವೆಲ್ಲ ಕುಡಿಯುವುದಕ್ಕೆ ಕಾದರೆ, ಆಕೆ ಮೀನಿಗೆ ಕಾಯುತ್ತಿದ್ದಳು. ನೀರು ಬಂದ ಮೇಲೆ ಹತ್ತು ಹದಿನೈದು ದಿನ ಬುಟ್ಟಿ ತುಂಬುತ್ತಿತ್ತು. ಮಳೆಗಾಲದವರೆಗೆ ಆಕೆಯ ಮನೆ ನಡೆಯಬೇಕಾದದ್ದು ಆ ಹದಿನೈದು ದಿನದ ಮೇಲೆ.

ಎಲ್ಲರ ಕೈಗೂ ವಾಟ್ಸಾಪ್ ಬಂದ ಹೊಸತು. ಆ ವರ್ಷ ನೀರು ಬಂದ ಮಾರನೆಯ ದಿನ ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಗಿರಾಕಿಯೊಬ್ಬ ಮೊಬೈಲ್ ತೋರಿಸಿದ. "ಇದ ನೋಡ್ರಿ ಮಾಲಕ್ರ, ಏನ್ ಬಂದೈತಿ ನಮ್ಮ ಹೊಳಿಗೆ!"

ನನ್ನ ಮೀನು! ಶೋಕೇಸಿನ ಗಾಜಿನ ಹೊರಗಿನಿಂದ ಯಾರೋ ಮೊಬೈಲಿನಲ್ಲಿ ತೆಗೆದಿದ್ದರು. ಕೆಳಗಿನ ಬರಹ ಕತ್ತರಿಸಿದ್ದರು, ಸೀರೆಯ ಮೂಲೆಯನ್ನೂ ಕತ್ತರಿಸಿದ್ದರು. ಕೊಯ್ನಾ ನೀರಿನ ಜೊತೆ ವಿಷದ ಮೀನು ಬಂದಿದೆ, ಹೊಳೆಯ ಮೀನು ತಿನ್ನಬೇಡಿ, ಎಲ್ಲರಿಗೂ ಕಳಿಸಿ ಎಂದು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಬರೆದಿದ್ದರು. ಮೈಯೆಲ್ಲ ಉರಿದುಹೋಯಿತು. ಸಮುದ್ರದ ಮೀನು ಘಟ್ಟ ಹತ್ತಿ, ಆಣೆಕಟ್ಟಿನಲ್ಲಿ ಈಜಿ, ಸಿಹಿನೀರಿನಲ್ಲಿ ಸಾಯದೆ ರಾಯಬಾಗಕ್ಕೆ ಬರಬೇಕೆ? ತಲೆಯಲ್ಲಿ ಇವರಿಗೆ ಏನು ತುಂಬಿದೆ?

ಅಂದು ಮೀನಿನವಳ ಬುಟ್ಟಿ ತುಂಬಿದ್ದು ತುಂಬಿದಂತೆಯೇ ಇತ್ತು. ದಿನದ ಗಿರಾಕಿಗಳು ರಸ್ತೆಯ ಆಚೆ ಬದಿಯಿಂದ ನಡೆದುಹೋದರು. "ಏನಾಗೇತ್ರಿ ಅಣ್ಣಾರ ಈ ಮಂದಿಗೆ?" ಎಂದು ಕೇಳುತ್ತ ಸ್ಟುಡಿಯೋಗೆ ಬಂದಳು. ಮೊಬೈಲಿನ ಸುದ್ದಿ ತಿಳಿಸಿ, ಅದು ನಾನೇ ತೆಗೆದ ಫೋಟೋ ಎಂದು ಹೇಳುವಾಗ ನನ್ನ ಮುಖ ಸುಟ್ಟಂತಾಯಿತು. ಆಕೆ ಶೋಕೇಸಿನ ಕಡೆ ತಿರುಗಿ ನೋಡಿದಳು. "ಇದನ್ನ ದಿನಾ ನೋಡ್ತೀನಲ್ರಿ ನಾ. ಇದೇನ್ ಮಾಡೇತ್ರಿ ನನಗ?"

ಅದನ್ನು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದವನು ಮೊಬೈಲ್ ಅಂಗಡಿಯವನೆಂದು ತಿಳಿಯಿತು. ಶೋಕೇಸಿನಿಂದ ಫೋಟೋ ಕಿತ್ತುಕೊಂಡು ಹೋದೆ. ಇದು ನನ್ನ ಹೆಂಡತಿಯ ಸೀರೆ, ಇದು ಗಾಜು, ಇಲ್ಲಿ ಬರೆದದ್ದು ಓದು ಎಂದೆ. ಅವನು ಕಣ್ಣೆತ್ತಲಿಲ್ಲ. "ನನಗ ಬಂದಿತ್ತು, ನಾ ಕಳಿಸೀನಿ. ಮಂದಿ ಒಳ್ಳೇದಕ್ಕ ಕಳಿಸೀನ್ರಿ."

"ಆಕಿ ಹೊಟ್ಟಿ ಮ್ಯಾಲ ಹೊಡದಿಯಲ್ಲೋ! ಸುಳ್ಳಂತ ಈಗ ಬರದ ಹಾಕು."

"ಇಷ್ಟ ಹೇಳ್ತೀರಲ್ಲ, ಹೊಳಿ ಮೀನ ನೀವ ತಿಂದ ತೋರಸ್ರಿ ಮಂದ್ಯಾಗ. ಆಮ್ಯಾಲ ಹಾಕ್ತೀನಿ."

ಸುತ್ತ ನಿಂತವರೆಲ್ಲ ಹೋ ಎಂದು ನಕ್ಕರು. ನಮ್ಮ ಮನೆತನದಲ್ಲಿ ಮೀನು ಮಾಂಸ ಮುಟ್ಟುವುದಿಲ್ಲ, ಊರಿಗೇ ಗೊತ್ತು. ಫೋಟೋವನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ಟುಡಿಯೋಗೆ ಮರಳಿದೆ. ತಿಂದುಬಿಡಬೇಕಿತ್ತು ಎಂದು ಇಂದಿಗೂ ಅನ್ನಿಸುತ್ತದೆ. ತಿನ್ನಲಿಲ್ಲ. ಅವನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟು ಹೆಚ್ಚು ದಿನ ಉಳಿದಿದೆ.

ಈ ಮಾತು ಆಕೆಯ ಕಿವಿಗೂ ಬಿತ್ತು. ಮರುದಿನ ಬುಟ್ಟಿಯ ಜೊತೆ ಒಂದು ಗಂಟು ತಂದಳು, ಒಳಗೆ ರೊಟ್ಟಿ ಮತ್ತು ಹುರಿದ ಮೀನು. "ನೀವ್ ತಿನ್ನೂದ್ ಬ್ಯಾಡ್ರಿ ಅಣ್ಣಾರ. ನಾ ತಿಂತೀನಿ, ನೀವ್ ಫೋಟೋ ಹೊಡೀರಿ. ಅದರ ಫೋಟೋ ಊರೆಲ್ಲಾ ಹೋಗೇತಿ, ನಂದೂ ಹೋಗಲಿ." ಗಿಡದ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಸೆರಗು ಸರಿಮಾಡಿಕೊಂಡಳು. "ಹಲ್ಲ ಕಾಣೂ ಹಂಗ ತಗೀರಿ, ನಿಮ್ಮ ಮೀನಿನ ಹಲ್ಲ ಕಂಡಾವಲ್ಲ!" ಎಂದು ನಕ್ಕು ದೊಡ್ಡ ತುತ್ತು ಬಾಯಿಗಿಟ್ಟಳು. ಬೆಳಗಿನ ಬಿಸಿಲು ಮುಖದ ಮೇಲಿತ್ತು. ಗಾಜಿಲ್ಲ, ನೆರಳಿಲ್ಲ. ನನ್ನ ಜನ್ಮದಲ್ಲಿ ಅಂಥ ಫೋಟೋ ಇನ್ನೊಂದು ತೆಗೆದಿಲ್ಲ. ಹೊಳೆಯ ಮೀನಿಗೆ ಏನೂ ಆಗಿಲ್ಲ, ಈಕೆ ದಿನಾ ತಿನ್ನುತ್ತಾಳೆ, ಎಲ್ಲರಿಗೂ ಕಳಿಸಿ ಎಂದು ಬರೆದು ಅದೇ ಗ್ರೂಪಿಗೆ ಹಾಕಿದೆ.

ಯಾರೋ ಒಬ್ಬ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದ. ಅಷ್ಟೇ.

ನನ್ನ ಮೀನು ಅಷ್ಟರಲ್ಲಿ ಅಥಣಿ, ಕಾಗವಾಡ ಮುಟ್ಟಿತ್ತು. ಚಿಕ್ಕೋಡಿಯಿಂದ ನನ್ನ ತಂಗಿಯೇ ಅದನ್ನು ನನಗೆ ಕಳಿಸಿದಳು, "ಅಣ್ಣಾ, ಹುಷಾರು" ಎಂದು. ಮೀನಿನವಳು ದಿನಾ ಬೆಳಿಗ್ಗೆ ಬಸ್ಸಿಳಿದವಳೇ ಕೇಳುತ್ತಿದ್ದಳು, "ನನ್ನ ಫೋಟೋ ಎಲ್ಲಿ ಮಟ ಹೋತ್ರಿ ಅಣ್ಣಾರ?" ಹೋಗುತ್ತಿದೆ, ಹೋಗುತ್ತಿದೆ ಎನ್ನುತ್ತಿದ್ದೆ. ಹೊಳೆ ಮತ್ತೆ ಇಳಿಯತೊಡಗಿದ ದಿನ ಬುಟ್ಟಿಯಲ್ಲಿ ನಾಲ್ಕೇ ಮೀನಿದ್ದವು. ಅವೂ ಹೋಗಲಿಲ್ಲ. ಅಂದು ಸುಳ್ಳು ಹೇಳಲಾಗಲಿಲ್ಲ. "ಎಲ್ಲೂ ಹೋಗಿಲ್ಲವ್ವಾ" ಎಂದೆ. "ಒಬ್ಬನೂ ಮುಂದ ಕಳಿಸಿಲ್ಲ."

ಆಕೆ ಬುಟ್ಟಿಯನ್ನು ಸೊಂಟಕ್ಕೆ ಎತ್ತಿಕೊಂಡಳು.

"ಈ ಮೀನ ತಿಂದಾಕಿ ಸತ್ತಾಳಂತ ಬರದ ಕಳಸ್ರಿ ಅಣ್ಣಾರ," ಎಂದಳು. "ಸಂಜಿ ಆಗೂದ್ರಾಗ ಸಾಂಗ್ಲಿ ಮುಟ್ಟತೈತಿ."