ಆಂಜಿನಯ್ಯ ಮತ್ತು ಹಾಸ್ಟೆಲಿನ ಡಿಸಿ ಲೈನು

ಬಿನ್ನಿಪೇಟೆಯ ಆಂಜಿನಯ್ಯ ಮೂವತ್ತೈದು ವರ್ಷದಿಂದ ವೈರಿಂಗ್ ಕೆಲಸ ಮಾಡಿಕೊಂಡು ಬಂದವರು. ಚಾಮರಾಜಪೇಟೆಯ ಹಳೇ ಮನೆಗಳಲ್ಲಿ ಯಾವ ಗೋಡೆಯೊಳಗೆ ಯಾವ ವೈರು ಹೋಗಿದೆ ಎಂಬುದು ಮನೆಯವರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಅಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ಸೋಲಾರ್ ಹಾಕಿಸುವಾಗ ವಾರ್ಡನ್ ಗಂಗರತ್ನಮ್ಮ ಆಂಜಿನಯ್ಯನವರನ್ನೇ ಕರೆಸಿದರು.

ಯೋಜನೆ ಸಿದ್ಧಪಡಿಸಿದವಳು ಸುಪ್ರಜಾ ಎಂಬ ಇಂಜಿನಿಯರ್. ಮೊದಲ ದಿನ ತಾರಸಿಯ ಮೇಲೆ ನಿಂತು ವಿವರಿಸಿದಳು.

"ನೋಡಿ ಆಂಜಿನಯ್ಯನವ್ರೇ, ಪ್ಯಾನೆಲ್ ಕೊಡೋದು ಡಿಸಿ, ಒಂದೇ ಕಡೆ ಹರಿಯೋ ಕರೆಂಟು. ಬ್ಯಾಟರಿಲಿರೋದೂ ಡಿಸಿ. ಎಲ್‌ಇಡಿ ದೀಪ, ಹೊಸ ಫ್ಯಾನು ಓಡೋದೂ ಅದ್ರಲ್ಲೇ. ಮಧ್ಯೆ ಸುಮ್ನೆ ಅದನ್ನ ಮಾಮೂಲಿ ಲೈನಿನ ಹಾಗೆ ಎಸಿ ಮಾಡಿ ಮತ್ತೆ ಡಿಸಿ ಮಾಡಿದ್ರೆ ಒಂದಿಷ್ಟು ಕರೆಂಟು ವೇಸ್ಟ್ ಆಗುತ್ತೆ. ಅದಕ್ಕೇ ಎರಡು ಲೈನ್ ಎಳೆಯೋಣ. ದೀಪ, ಫ್ಯಾನಿಗೆ ಡಿಸಿ. ಪಂಪು, ಗ್ರೈಂಡರಿಗೆ ಹಳೇ ಎಸಿನೇ ಇರ್ಲಿ. ಒಂದು ಕಡೆ ಕಮ್ಮಿ ಆದ್ರೆ ಇನ್ನೊಂದು ಕಡೆಯಿಂದ ಬರೋ ಹಾಗೆ ಮಧ್ಯೆ ಒಂದು ಕನ್ವರ್ಟರ್ ಇಡ್ತೀನಿ."

ಆಂಜಿನಯ್ಯನವರಿಗೆ ಮಾತು ಹಿಡಿಸಿತು. ಎಸಿಗೆ ಬಿಳಿ ಪೈಪು, ಡಿಸಿಗೆ ಕಪ್ಪು ಪೈಪು ಎಂದು ಮೂರು ವಾರ ಎಳೆದರು. ಆದರೆ ಸುಪ್ರಜಾ ಪಟ್ಟಿಯಲ್ಲಿ ಬರೆದಿದ್ದ ಡಿಸಿ ಸ್ವಿಚ್ಚುಗಳು ಬರುವುದು ತಡವಾಯಿತು. ಸ್ವಿಚ್ಚು ಸ್ವಿಚ್ಚೇ ತಾನೇ ಎಂದುಕೊಂಡು, ಮಹಡಿಗೆ ಎರಡರಂತೆ ಆರು ಕಡೆ ಮಾಮೂಲಿ ಎಸಿ ಸ್ವಿಚ್ಚನ್ನೇ ಕೂರಿಸಿದರು. ಯಾರಿಗೂ ಹೇಳಲಿಲ್ಲ.

ಕೆಲಸ ಒಪ್ಪಿಸುವ ಹಿಂದಿನ ದಿನ ಮಧ್ಯಾಹ್ನ, ಹುಡುಗಿಯರೆಲ್ಲ ಕಾಲೇಜಿಗೆ ಹೋಗಿದ್ದಾಗ, ಪರೀಕ್ಷಿಸಲೆಂದು ಮೇಲಿನ ಮಹಡಿಯ ದೀಪ, ಫ್ಯಾನುಗಳನ್ನೆಲ್ಲ ಹಾಕಿ, ತಾವು ಕೂರಿಸಿದ್ದ ಆರರಲ್ಲಿ ಒಂದಾದ ಅಲ್ಲಿನ ಮೇನ್ ಸ್ವಿಚ್ಚು ಆಫ್ ಮಾಡಿದರು. ಫ್ಯಾನುಗಳು ನಿಲ್ಲಲಿಲ್ಲ. ಸ್ವಿಚ್ಚಿನ ಡಬ್ಬಿಯೊಳಗೆ ನೀಲಿ ಕಿಡಿಯೊಂದು ಬುಸುಗುಡುತ್ತ ಹಾಗೇ ನಿಂತಿತ್ತು. ಪ್ಲಾಸ್ಟಿಕ್ ಕರಗತೊಡಗಿತು. ಆಂಜಿನಯ್ಯ ತಾರಸಿಗೆ ಓಡಿ ಡಿಸಿ ಲೈನಿನ ಮೂಲ ಬ್ರೇಕರನ್ನೇ ಇಳಿಸಿದರು. ಮತ್ತೆ ಕೆಳಗಿಳಿದು ಬಂದು ಕಿಡಿ ಆರಿದೆಯೇ ಎಂದು ನೋಡಿ ಡಬ್ಬಿ ಬಿಚ್ಚಿದರು.

ಗಂಗರತ್ನಮ್ಮ ಮೆಟ್ಟಿಲ ಮೇಲಿಂದಲೇ ಕೇಳಿದರು, "ಏನೋ ಸುಟ್ಟ ವಾಸನೆ ಬರ್ತಿದ್ಯಲ್ಲ?"

ಏನಿಲ್ಲಮ್ಮ ಎಂದುಬಿಡಬಹುದಿತ್ತು. ಆ ಒಂದು ಸ್ವಿಚ್ಚು ಬದಲಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಂಜಿನಯ್ಯ ಸಾಲಾಗಿ ಹಾಸಿದ್ದ ಹುಡುಗಿಯರ ಹಾಸಿಗೆಗಳನ್ನು ಒಮ್ಮೆ ನೋಡಿದರು.

"ನನ್ನದೇ ತಪ್ಪಮ್ಮ. ನಾಳೆ ಒಪ್ಪಿಸಕ್ಕಾಗಲ್ಲ," ಎಂದು ಹೇಳಿ ಸುಪ್ರಜಾಗೆ ಫೋನ್ ಮಾಡಿದರು.

ಶೇಷಾದ್ರಿಪುರದಿಂದ ಬಂದ ಅವಳು ಕರಗಿದ ಸ್ವಿಚ್ಚನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತೆ. ಆಗ ಕಿಡಿ ತಾನಾಗೇ ಆರುತ್ತೆ. ಡಿಸಿ ಇಳಿಯೋದೇ ಇಲ್ಲ, ಅದನ್ನ ಕತ್ತರಿಸೋ ಸ್ವಿಚ್ಚೇ ಬೇರೆ. ಇದನ್ನ ನಾನು ಬಾಯಿಬಿಟ್ಟು ಹೇಳ್ಬೇಕಿತ್ತು. ಪಟ್ಟಿ ಕೊಟ್ಟು ಸುಮ್ನಾದೆ."

"ನೀವು ಬರೆದಿದ್ರಲ್ಲಮ್ಮ. ಯಾಕೆ ಅಂತ ನಾನು ಕೇಳ್ಬೇಕಿತ್ತು."

ಒಪ್ಪಿಸುವುದು ಹತ್ತು ದಿನ ಮುಂದಕ್ಕೆ ಹೋಯಿತು. ಆಡಳಿತ ಸಮಿತಿಯವರು ಗೊಣಗಿದರು. ಗಂಗರತ್ನಮ್ಮ ಮಾತ್ರ ಆಂಜಿನಯ್ಯನವರ ಪರ ನಿಂತರು. ಸರಿಯಾದ ಸ್ವಿಚ್ಚುಗಳು ಬಂದ ಮೇಲೆ ಆಂಜಿನಯ್ಯ ಆರನ್ನೂ ಬದಲಿಸಿ, ಒಂದೊಂದನ್ನೂ ದೀಪ, ಫ್ಯಾನೆಲ್ಲ ಹಾಕಿದ ಪೂರ್ತಿ ಲೋಡಿನಲ್ಲಿ ಆಫ್ ಮಾಡಿ ತೋರಿಸಿದರು.

ಆಮೇಲೆ ಸುಪ್ರಜಾ ತನ್ನ ಎಲ್ಲ ಕೆಲಸಕ್ಕೂ ಅವರನ್ನೇ ಕರೆಯತೊಡಗಿದಳು. ಹೋದ ತಿಂಗಳು ಮಲ್ಲೇಶ್ವರದ ಒಂದು ವಾಚನಾಲಯದಲ್ಲಿ ಇಂಥದ್ದೇ ಲೈನು ಎಳೆಯುವಾಗ ಕಾರ್ಯದರ್ಶಿ ವಾದಿರಾಜರು ಅವಸರ ಮಾಡಿದರು: "ಸದ್ಯಕ್ಕೆ ಯಾವುದೋ ಒಂದು ಸ್ವಿಚ್ಚು ಹಾಕ್ಬಿಡಿ ಸ್ವಾಮಿ, ಆಮೇಲೆ ನೋಡ್ಕೊಳ್ಳೋಣ."

"ಆಗಲ್ಲ ಸಾರ್. ಸಾಮಾನು ಬಂದ ಮೇಲೆ ಫೋನ್ ಮಾಡಿ, ಬರ್ತೀನಿ," ಎಂದು ಆಂಜಿನಯ್ಯ ಏಣಿ ಮಡಚಿಟ್ಟರು. ಮೂರನೇ ದಿನ ವಾದಿರಾಜರ ಫೋನ್ ಬಂತು, ಸ್ವಿಚ್ಚುಗಳು ಬಂದಿವೆ ಎಂದು.