ಹುಣಸೆಯ ನೆರಳಲ್ಲಿ ದಣಿವಾರಿಸಿಕೊಂಡ ಕಾರು

ಈ ಮುಪ್ಪಿನಲ್ಲೂ ಪೇರೂರಿನ ಗುಡಿಯವರೆಗೆ ನಡೆಸಿ ದರ್ಶನವೀಯುವ ಪಟ್ಟೀಶ್ವರನಿಗೆ ಮೊದಲು ವಂದನೆ.

ಕಳೆದ ಪ್ರದೋಷದಂದು ಅದೇ ದಾರಿಯ ಹುಣಸೆಮರದ ಕೆಳಗೆ ಹಳೆಯ ವಿದ್ಯುತ್ ಕಾರೊಂದು ನಿಂತಿತ್ತು. ಪೈಕಾರ ಜಲಪಾತದ ವಿದ್ಯುತ್ತು ಊರಿಗೆ ಬರುವ ಮೊದಲೇ ಗಿರಣಿಯ ಡೈನಮೋದಿಂದ ಬ್ಯಾಟರಿ ತುಂಬಿಸಿಕೊಂಡು ಓಡುತ್ತಿದ್ದ ಕಾರದು. ಒಡತಿ, ಸೀರೆ ವ್ಯಾಪಾರದ ವೃದ್ಧೆ ದೇವಮ್ಮನವರು, ಒಳಗೇ ಕುಳಿತಿದ್ದರು. ಪೂಜೆ ತಪ್ಪೀತೆಂದು, "ಎತ್ತು ಕಟ್ಟಿ ಎಳೆಸಲೇ?" ಎಂದೆ.

"ಬ್ಯಾಡ ಸ್ವಾಮಿ, ಅದ್ರ ಮಾನ ಹೋಗ್ತದೆ! ಹಳೇ ಬ್ಯಾಟ್ರಿ, ಕೊಂಜ ಸುಧಾರಿಸ್ಕೊಂಡ್ರೆ ತಾನೇ ಬರ್ತದೆ. ಮೊದ್ಲು ಗುಡಿ ತನಕ ಎಲ್ಲೂ ನಿಲ್ತಿರ್ಲಿಲ್ಲ. ಹೋದ ವರ್ಷ ಮುಂದಿನ ಆಲದಮರದ ತನಕ ಬಂದು ನಿಲ್ತಿತ್ತು, ಈ ವರ್ಷ ಈ ಹುಣಸೆ ತನಕ."

ನಾನೂ ಕೋಲನ್ನು ಒರಗಿಸಿ ಕುಳಿತೆ. ಕೊಂಚ ಹೊತ್ತಿನಲ್ಲಿ ಕಾರು ಸದ್ದಿಲ್ಲದೆ, ನನ್ನ ನಡಿಗೆಯ ವೇಗದಲ್ಲೇ ಹೊರಟಿತು. ಪೂಜೆಯ ಘಂಟೆಗೆ ಇಬ್ಬರೂ ಗೋಪುರದ ಬಾಗಿಲಲ್ಲಿದ್ದೆವು.

ದಾರಿಯಲ್ಲಿ ದಣಿದು ಕೂರಲು ನಾಚುತ್ತಿದ್ದ ನಾನು ಈಗ ಆ ಮರದಡಿ ಸಂಕೋಚವಿಲ್ಲದೆ ಕುಳಿತು ಏಳುತ್ತೇನೆ. ದೇವಮ್ಮನವರಿಗೂ, ಆ ಕಾರಿಗೂ, ನೆರಳಿತ್ತ ಹುಣಸೆಗೂ ಶುಭವಾಗಲಿ.