ಉಡಿ ತುಂಬಿ ಕೆಲಸದಿಂದ ತೆಗೆದರು

ಉಡಿ ತುಂಬಿಸಿಕೊಂಡ ಹೆಣ್ಣು ಆ ಮನೆಯ ಮೇಲೆ ದೂರು ಒಯ್ಯಬಾರದು. ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಿಲ್ಲ. ನಮ್ಮ ಕಡೆ ಹುಟ್ಟಿದವರಿಗೆ ಅದು ಗೊತ್ತೇ ಇರುತ್ತದೆ. ನಮ್ಮ ಮಿಲ್ಲಿನ ಮಾಲೀಕರಿಗೂ ಗೊತ್ತಿತ್ತು, ನನಗಿಂತ ಚೆನ್ನಾಗಿ ಗೊತ್ತಿತ್ತು.

ಸಿಂಧನೂರಿನ ಒಂದು ಅಕ್ಕಿ ಮಿಲ್ಲಿನಲ್ಲಿ ನಾನು ಕಾಟಾ ಮೇಲಿದ್ದೆ. ನೆಲ್ಲು ತುಂಬಿದ ಲಾರಿ ಕಾಟಾ ಹತ್ತಿ ನಿಂತಾಗ ತೂಕ ನೋಡಿ, ಕಂಪ್ಯೂಟರಿನಲ್ಲಿ ಚೀಟಿ ತೆಗೆದುಕೊಡುವ ಕೆಲಸ. ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮ ಮನೆಯವರು ಸಿಮೆಂಟ್ ಅಂಗಡಿಯೊಂದರ ಗಾಡಿ ಓಡಿಸುತ್ತಾರೆ. ಅವರ ಪಗಾರ ಮನೆ ಬಾಡಿಗೆಗೆ, ಮಕ್ಕಳ ಸಾಲೆಗೆ ಮುಗಿಯುತ್ತಿತ್ತು. ಒಲೆ ಹೊತ್ತುತ್ತಿದ್ದುದು ನನ್ನ ಪಗಾರದ ಮೇಲೆ. ಮಾಲೀಕರನ್ನು ಉಳಿದವರೆಲ್ಲ ಸಾವ್ಕಾರ್ರು ಎಂದರೆ ನಾನೊಬ್ಬಳು ಅಣ್ಣಾರು ಎನ್ನುತ್ತಿದ್ದೆ. ಹಾಗೆ ಕರೆ ಎಂದು ಅವರೇ ಹೇಳಿದ್ದರು. ಅವರ ಹೆಂಡತಿ ನನಗೆ ವೈನಿ. ಹಬ್ಬ ಬಂದರೆ ಡಬ್ಬಿ ತುಂಬ ಹೋಳಿಗೆ ಕಟ್ಟಿಕೊಡುತ್ತಿದ್ದರು. ಹೋಳಿಗೆ ಕೊಟ್ಟವರು ಕೈ ಕೊಡುವುದಿಲ್ಲ ಎಂದು ನಂಬಿದ ಹುಚ್ಚಿ ನಾನು.

ಕಾಟಾಕ್ಕೆ ಕ್ಯಾಮೆರಾ ಕೂಡಿಸಿದರು. ಲಾರಿ ನಿಂತರೆ ಸಾಕು, ನಂಬರ್ ತಾನೇ ಓದಿ, ತೂಕ ತಾನೇ ಹಿಡಿದು, ಚೀಟಿ ತಾನೇ ಉಗುಳುವ ಮಿಷನ್. ಅದು ಕೆಲಸ ಶುರುಮಾಡಿದ ವಾರದಲ್ಲೇ ಅಣ್ಣಾರು ನನ್ನನ್ನು ಒಳಗೆ ಕರೆದರು.

"ತಂಗಿ, ಇನ್ ಮ್ಯಾಲ ಕಾಟಾಕ್ಕ ಮಂದಿ ಬೇಕಾಗಂಗಿಲ್ಲ. ಈ ತಿಂಗಳು ಮುಗಿಸಿಬಿಡು" ಎಂದರು. ಅವರೇ ಮುಂದುವರಿಸಿದರು: "ಮಂದಿ ಮುಂದ ನಾನಾಗೇ ಬಿಟ್ಟೆ ಅಂತ ಅನ್ನು. ತೆಗದ್ರು ಅಂದ್ರ ನಿನಗ ಛಲೋ ಕಾಣ್ತದೇನು? ನಿನ್ನ ಮರ್ಯಾದಿಗೇ ಹೇಳಾಕತ್ತೀನಿ."

ಮರ್ಯಾದೆ ಎಂದರೆ ನಮ್ಮಂಥವರು ಕರಗಿಬಿಡುತ್ತೇವೆ. ಹೂಂ ಎಂದೆ.

ಕೊನೆಯ ದಿನ ವೈನಿ ಮಿಲ್ಲಿಗೇ ಬಂದರು. ಹಮಾಲರು, ಡ್ರೈವರುಗಳು, ಆಫೀಸಿನವರು ಎಲ್ಲರೂ ನಿಂತಿದ್ದರು, ಒಬ್ಬರು ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದರು. ಮಣೆ ಹಾಕಿ ಕೂರಿಸಿ, ಅರಿಶಿಣ ಕುಂಕುಮ ಹಚ್ಚಿ, ನನ್ನ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಕಣ ಹಾಕಿದರು. ತವರಿನಿಂದ ಗಂಡನ ಮನೆಗೆ ಹೊರಟ ಮಗಳಿಗೆ ತುಂಬುವ ಹಾಗೆಯೇ ತುಂಬಿದರು. "ಮನಿ ಮಗಳವ್ವಾ ನೀ, ಬರಕೋಂತ ಇರು" ಎಂದರು. ನಾನು ಅತ್ತುಬಿಟ್ಟೆ. ಅಣ್ಣಾರು ಎಲ್ಲರಿಗೂ ಕೇಳುವಂತೆ "ಮನ್ಯಾಗ ತ್ರಾಸ ಐತಂತ, ಅದಕ್ಕ ತಂಗಿ ಕೆಲಸ ಬಿಡಾಕತ್ತಾಳ" ಎಂದರು. ನಾನು ತಲೆಯಾಡಿಸಿದೆ. ಉಡಿಯಲ್ಲಿ ಅಕ್ಕಿ ಹಿಡಿದುಕೊಂಡು ಅಲ್ಲ ಎನ್ನುವುದು ಹೇಗೆ?

ಲಿಂಗಸುಗೂರಿನಲ್ಲಿ ನಮ್ಮಕ್ಕ ಇದ್ದಾಳೆ. ಖಾಸಗಿ ದವಾಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ನಾನು ಮನೆಯಲ್ಲಿ ಕೂತದ್ದು ಕೇಳಿ ಬಂದವಳೇ ಬೈದಳು. "ಪಗಾರದಾಗ ವಿಮಾ ಹಿಡೀತಿದ್ದಿಲ್ಲೇನು? ಅದರಾಗ ಕೆಲಸ ಹೋದೋರಿಗೆ ಕೆಲವು ದಿನ ಭತ್ಯೆ ಕೊಡ್ತಾರ. ನಿನ್ನ ರೊಕ್ಕನೇ ಅದು, ಭಿಕ್ಷಾ ಅಲ್ಲ." ದವಾಖಾನೆಯ ಚೀಟಿಗಷ್ಟೇ ಆ ವಿಮೆಯ ಕಾರ್ಡು ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅವಳೇ ಲಿಂಗಸುಗೂರಿನ ಕಂಪ್ಯೂಟರ್ ಅಂಗಡಿಗೆ ಕರೆದೊಯ್ದು ಅರ್ಜಿ ಹಾಕಿಸಿದಳು. ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಸರಿಯಾಯಿತು. ಇನ್ನೊಂದು ಕೆಲಸ ಸಿಗುವ ತನಕ ಒಲೆಯ ಚಿಂತೆ ತಪ್ಪಿತು ಎಂದುಕೊಂಡು ಆ ದಿನ ಅಕ್ಕನ ಮನೆಯಲ್ಲಿ ಹೊಟ್ಟೆ ತುಂಬ ಉಂಡೆ.

ಅರ್ಜಿ ನಿಂತುಹೋಯಿತು. ವಿಚಾರಿಸಲು ವಿಮೆ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಸಮಾಧಾನದಿಂದಲೇ ತಿಳಿಸಿ ಹೇಳಿದರು: ಮಾಲೀಕರು ತೆಗೆದಿದ್ದರೆ ಭತ್ಯೆ ಉಂಟು, ತಾವಾಗೇ ಬಿಟ್ಟವರಿಗೆ ಇಲ್ಲ. "ನೀವಾಗೇ ಬಿಟ್ಟೀರಿ ಅಂತ ಮಿಲ್ಲಿನೋರು ತಿಳಿಸ್ಯಾರಲ್ರೀ." ನಾನು ಸುಳ್ಳೆಂದೆ. ಅವರು ನನ್ನೆದುರೇ ಫೋನ್ ಹಚ್ಚಿ, ನನಗೂ ಕೇಳುವ ಹಾಗೆ ಸ್ಪೀಕರ್ ಇಟ್ಟರು.

"ತೆಗೆಯೋದೇನ್ರೀ? ನಮ್ಮ ತಂಗಿ ಇದ್ದಂಗ ಆಕಿ" ಎಂದಿತು ಅಣ್ಣಾರ ದನಿ. ಎಷ್ಟು ಮೆತ್ತಗಿತ್ತು ಆ ದನಿ! "ಉಡಿ ತುಂಬಿ ಕಳಿಸೀವಿ. ಹೊರಗ ಹಾಕಿದೋರಿಗೆ ಯಾರಾರ ಉಡಿ ತುಂಬ್ತಾರೇನ್ರೀ? ಬೇಕಾದ್ರ ವಿಡಿಯೋ ಕಳಸ್ತೀನಿ ನೋಡ್ರಿ."

ವಿಡಿಯೋ ಬಂತು. ಗುಮಾಸ್ತರು ನನಗೂ ತೋರಿಸಿದರು. ಅದರಲ್ಲಿ ನಾನು ಸೆರಗೊಡ್ಡಿ ಕೂತಿದ್ದೇನೆ, ತಲೆಯಾಡಿಸುತ್ತಿದ್ದೇನೆ. ನನ್ನ ಮೇಲೆ ನಾನೇ ಸಾಕ್ಷಿ. ಮೈಯೆಲ್ಲ ಉರಿದುಹೋಯಿತು. ಹೊಡೆದು ಕಳಿಸಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಗುಮಾಸ್ತರು ಪಾಪ, "ಮಿಲ್ಲಿನೋರು ಒಬ್ಬರಾರ ಬಂದು, ಹೌದು ಸಾವ್ಕಾರ್ರೇ ತೆಗದಾರ ಅಂತ ಹೇಳ್ಲಿ, ಮತ್ತ ಮ್ಯಾಲಿನವರಿಗೆ ಕಳಸ್ತೀನಿ" ಎಂದರು.

ಆ ಒಬ್ಬರಿಗಾಗಿ ಎಲ್ಲರ ಹತ್ತಿರ ಹೋದೆ. ಅವರೇನೂ ಸುಳ್ಳು ಹೇಳಲಿಲ್ಲ, ಕಣ್ಣಾರೆ ಕಂಡದ್ದನ್ನೇ ಹೇಳಿದರು: "ಅಕ್ಕಾ, ನೀನೇ ತಲಿ ಆಡಿಸಿದೆಲ್ಲ!" ಒಳಗೆ ಕರೆದು ಹೇಳಿದ ಮಾತು ಅವರಾರಿಗೂ ಕೇಳಿಸಿರಲಿಲ್ಲ.

ಶ್ರಾವಣ ಬಂತು. ಒಂದು ಬೆಳಿಗ್ಗೆ ವೈನಿಯ ಫೋನು. "ಪಂಚಮಿಗೆ ಬಾರವ್ವಾ, ಉಂಡಿ ಕಟ್ಟಾಕತ್ತೀನಿ" ಎಂದರು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ವಾಡಿಕೆ. ಆ ಕರೆ ಕೇಳಿ ನನ್ನ ತಾಳ್ಮೆ ಕಿತ್ತುಹೋಯಿತು.

"ವೈನಿ, ನನ್ನ ಕೆಲಸದಿಂದ ತೆಗದಾರ ಅಂತ ಅವತ್ತ ನಿಮಗ ಗೊತ್ತಿತ್ತೇನ್ರೀ?"

ವೈನಿ ದನಿ ಇಳಿಸಿ ಹೇಳಿದರು: "ಗೊತ್ತಿತ್ತವ್ವಾ. ಉಡಿ ತುಂಬಿ ಕಳಿಸು, ಮುಂದ ತಂಟೆ ತಕರಾರು ಇರಂಗಿಲ್ಲ ಅಂತ ಅವರೇ ಹೇಳಿದ್ರು."

ನನಗೆ ಬೇಕಾಗಿದ್ದ ಆ ಒಬ್ಬರು ಸಿಕ್ಕಿದ್ದರು. "ಇದೇ ಮಾತು ಆ ಕಚೇರಿಗೆ ಬಂದು ಹೇಳ್ತೀರೇನ್ರೀ ವೈನಿ?" ಎಂದೆ.

"ನಾ ಇದೇ ಮನ್ಯಾಗ ಬಾಳೇವು ಮಾಡಬೇಕಲ್ಲವ್ವಾ" ಎಂದರು. ಅವರು ಅಳುತ್ತಿದ್ದರು. ಸಮಾಧಾನ ಹೇಳಲು ನನಗೆ ಮನಸ್ಸು ಬರಲಿಲ್ಲ.